ಕಾಲೋನಿ ಸ್ಟಾಪಿನಲ್ಲೇ ಇಳಿಯುವವಳು

"ಯಾವೂರು ಟೀಚರ್ ನಿಮ್ಮದು?" ಎಂದು ಯಾರಾದರೂ ಕೇಳಿದರೆ ಅಕ್ಕ ಊರಿನ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸುವವಳಲ್ಲ. "ಊರಾಗಲ್ರಿ, ಕೆನಾಲ್ ಆಚಿ ಕಾಲೋನಿ" ಎಂದು ಸೇರಿಸುತ್ತಿದ್ದಳು. ಕೇಳಿದವರು ಸುಮ್ಮನೆ ಮಾತಿಗೆ ಕೇಳಿರುತ್ತಿದ್ದರು. ಈ ಉತ್ತರವನ್ನು ಏನು ಮಾಡಬೇಕೆಂದು ತಿಳಿಯದೆ ಕೆಲವರು ಗಡಿಯಾರ ನೋಡಿಕೊಳ್ಳುತ್ತಿದ್ದರು, ಕೆಲವರು ಬಿಸಿಲಿನ ಸುದ್ದಿ ತೆಗೆಯುತ್ತಿದ್ದರು. ಅಕ್ಕ ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಅವಳಿಗೆ ಅದರಲ್ಲಿ ಒಂದು ಖುಷಿಯಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಅವಳು ಮೊನ್ನೆ ನಿವೃತ್ತಳಾದಳು. ಅವಳ ಶಾಲೆಯವರು ನೆನಪಿನ ಪುಸ್ತಕ ತರುತ್ತಿದ್ದೇವೆ, ಮನೆಯವರದೂ ಒಂದು ಬರಹ ಇರಲಿ ಎಂದು ನನ್ನನ್ನು ಕೇಳಿದರು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಾಲುವೆ ಆಫೀಸಿನಲ್ಲಿ ಗೇಟು ಏರಿಸಿ ಇಳಿಸುವ ಕೆಲಸಕ್ಕೆ ಸೇರಿ ಅದರಲ್ಲೇ ತಲೆ ಹಣ್ಣಾದವನು. ಓದು ಬರಹ ಸ್ವಲ್ಪ ಉಳಿದಿದ್ದರೆ ಅದು ಅಕ್ಕನ ಕಾಟದಿಂದ. ಒಪ್ಪಿಕೊಂಡು ಅವಳಿಗೆ ತಿಳಿಸಿದೆ. "ಬರಿ, ಯಾರು ಬ್ಯಾಡಂದಾರ" ಎಂದಳು. "ಖರೇ ಹೆಸರು ಹಾಕಬ್ಯಾಡ. ಸತ್ತವರ ಫೋಟೋದ ಕೆಳಗ ಬರದಂಗ ಕಾಣ್ತದ." ಆದ್ದರಿಂದ ಇಲ್ಲಿ ಅವಳು ಅಕ್ಕ, ಅಷ್ಟೇ.

ನಮ್ಮೂರು ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿದೆ. ಮೊದಲು ನಮ್ಮ ಕೇರಿ ಊರಿನ ತಗ್ಗಿನ ಮಗ್ಗುಲಿಗಿತ್ತು. ಕೃಷ್ಣೆಯ ನೀರು ತರುವ ಕಾಲುವೆಗೆ ಗೆರೆ ಹಾಕಿದಾಗ ಅದು ಸರಿಯಾಗಿ ನಮ್ಮ ಕೇರಿಯ ಮೇಲೆಯೇ ಹಾಯಿತು. ಅಪ್ಪ ಅದೇ ಕಾಲುವೆಗೆ ಮಣ್ಣು ಹೊರುವ ಕೂಲಿ. ತನ್ನ ಮನೆ ಇದ್ದ ಜಾಗವನ್ನು ತಾನೇ ಅಗೆದು ಪಗಾರ ತಂದ. ಸರಕಾರ ಕಾಲುವೆಯ ಆಚೆ ದಂಡೆಗೆ ಸಾಲಾಗಿ ಮನೆ ಕಟ್ಟಿಸಿಕೊಟ್ಟಿತು, ಎಲ್ಲಕ್ಕೂ ಒಂದೇ ಅಳತೆ, ಒಂದೇ ಸುಣ್ಣ. ಅದಕ್ಕೆ ಕಾಲೋನಿ ಎಂದು ಹೆಸರಾಯಿತು. ಮೊದಲು "ಕೇರಿಯವರು" ಎನ್ನುತ್ತಿದ್ದವರು ಅದೇ ರಾಗದಲ್ಲಿ "ಕಾಲೋನಿಯವರು" ಎನ್ನತೊಡಗಿದರು.

ಬಸ್ಸು ಊರೊಳಗೆ ಒಮ್ಮೆ ನಿಂತು, ಕಾಲುವೆಯ ಸೇತುವೆ ದಾಟಿ, ಕಾಲೋನಿಯ ಮುಂದೆ ಇನ್ನೊಮ್ಮೆ ನಿಲ್ಲುತ್ತಿತ್ತು. ನಮ್ಮಲ್ಲಿ ನಾಲ್ಕಕ್ಷರ ಕಲಿತು ಪ್ಯಾಂಟು ತೊಟ್ಟವರಿಗೆಲ್ಲ ಒಂದು ರೂಢಿ ಬಿದ್ದಿತ್ತು. ಊರ ಸ್ಟಾಪಿನಲ್ಲೇ ಇಳಿಯುವುದು, ಬಸ್ಸು ಕಣ್ಮರೆಯಾಗುವ ತನಕ ಪಾನ್ ಅಂಗಡಿಯ ಮುಂದೆ ನಿಲ್ಲುವುದು, ಆಮೇಲೆ ಕಾಲುವೆಯ ದಂಡೆ ಹಿಡಿದು ಮನೆಗೆ ನಡೆಯುವುದು. ಯಾರೂ ಯಾರಿಗೂ ಇದನ್ನು ಹೇಳಿಕೊಟ್ಟಿರಲಿಲ್ಲ. ದಂಡೆಯ ಮೇಲೆ ಒಬ್ಬರಿಗೊಬ್ಬರು ಸಿಕ್ಕರೂ ಯಾಕೆ ನಡೆದು ಬಂದೆ ಎಂದು ಕೇಳುತ್ತಿರಲಿಲ್ಲ.

ಅಕ್ಕ ಮಾತ್ರ ಟಿಕೆಟ್ ತೆಗೆಯುವಾಗಲೇ ಇಡೀ ಬಸ್ಸಿಗೆ ಕೇಳುವಂತೆ "ಕಾಲೋನಿ ಒಂದು ಕೊಡ್ರಿ" ಎನ್ನುತ್ತಿದ್ದಳು. ಒಮ್ಮೆ ಕಂಡಕ್ಟರ್ ಒಳ್ಳೆಯ ಮನಸ್ಸಿನಿಂದಲೇ, "ಊರಂತ ಹರೀತೀನಿ ತಗೋರಿ ಟೀಚರ್, ಎರಡಕ್ಕೂ ಒಂದೇ ಟಿಕೆಟ್" ಎಂದ.

"ಟಿಕೆಟ್ ಒಂದೇ ಇರ್ಬೋದ್ರಿ. ಊರ ಸ್ಟಾಪಿನಾಗ ಇಳದು ನಾ ಯಾರ ಮನಿಗಿ ಹೋಗ್ಲಿ? ಗೌಡರ ಮನಿಗೇನು?"

ಬಸ್ಸಿನಲ್ಲಿದ್ದ ಗೌಡರ ಕಡೆಯವರೂ ನಕ್ಕರು. ನಾನು ಹಿಂದಿನ ಸೀಟಿನಲ್ಲಿದ್ದೆ. ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತಾ ಕುಳಿತೆ.

ಈ ಧೈರ್ಯ ಅವಳಿಗೆ ಹುಟ್ಟಿನಿಂದಲೇ ಬಂದದ್ದಲ್ಲ. ಯಾದಗಿರಿಯಲ್ಲಿ ಓದುವಾಗ ಅವಳು ಹುಡುಗಿಯರ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಗೋವಾ ಕಡೆಯ ಒಬ್ಬ ಮುದುಕಿ ವಾರ್ಡನ್. ಪೋರ್ಚುಗೀಸ್ ಅವರ ಮನೆಮಾತಿನಷ್ಟೇ ಸಲೀಸು, ಇಗರ್ಜಿಯ ಲ್ಯಾಟಿನ್ ಬಾಯಿಪಾಠ, ಕನ್ನಡ ಮಾತ್ರ ಕುಂಟುತ್ತಿತ್ತು. ಒಂದು ದಿನ ನಳದ ಮುಂದಿನ ಸಾಲಿನಲ್ಲಿ ಯಾರೋ ಹುಡುಗಿ, "ಏ ಕಾಲೋನಿ, ನಿನ್ನ ಕೊಡ ಹಿಂದ ಇಡು" ಎಂದಳಂತೆ. ಅಕ್ಕ ಆ ಹುಡುಗಿಯ ಕೊಡ ಒದ್ದಳು. ವಾರ್ಡನ್ ಇಬ್ಬರನ್ನೂ ಕೋಣೆಗೆ ಕರೆಸಿದರು. ಬೈಗುಳ ಬೀಳುತ್ತದೆ ಎಂದು ನಿಂತರೆ, ಅವರು ರಟ್ಟು ಹೋದ ಒಂದು ದಪ್ಪ ನಿಘಂಟು ತೆರೆದು, ಕನ್ನಡಕದ ಮೇಲಿಂದ ನೋಡುತ್ತಾ ಕೇಳಿದರು: "ಕಾಲೋನಿ ಅಂದ್ರೆ ಏನು? ನೀನು ಹೇಳು. ನಿನಗೂ ಗೊತ್ತಿಲ್ಲ? ಗೊತ್ತಿಲ್ಲದ ಮಾತಿಗೆ ಯಾಕೆ ಜಗಳ?"

ಆಮೇಲೆ ಅವರೇ ಹೇಳಿದರು. ಲ್ಯಾಟಿನ್ನಿನಲ್ಲಿ ಹೊಲ ಉಳುವವನಿಗೆ ಕೊಲೋನುಸ್ ಎನ್ನುತ್ತಾರೆ. ಅಂಥವರು ಹೋಗಿ ನೆಲೆ ನಿಂತ ಊರು ಕೊಲೋನಿಯಾ. ಅಂದರೆ ಉಳುವವರ ಊರು. ಅಕ್ಕ ಇದನ್ನು ಕೇಳಿ ಬಂದು ರಾತ್ರಿಯ ಊಟ ಬಿಟ್ಟು ಮಲಗಿದಳಂತೆ. ಸಂತೋಷಕ್ಕೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

ಬೇಸಿಗೆ ರಜೆಗೆ ಬಂದವಳು ಮೊದಲು ಮಾಡಿದ ಕೆಲಸ ಅಪ್ಪನಿಗೆ ಈ ಪಾಠ ಒಪ್ಪಿಸಿದ್ದು. "ಉಳೋದು, ಒಂದು ಕಡಿ ನೆಲಿ ನಿಲ್ಲೋದು, ದೇವರ ಪೂಜಿ ಮಾಡೋದು, ಮೂರಕ್ಕೂ ಅವರ ಭಾಷಾದಾಗ ಒಂದೇ ಬೇರಂತ ಅಪ್ಪಾ."

ಅಪ್ಪ ಬೀಡಿ ಆರಿಸಿ, ಎಲ್ಲ ಕೇಳಿಸಿಕೊಂಡು ಹೇಳಿದ. "ಉಳೋದು ಮಾಡೀವಿ, ಮಂದಿ ಹೊಲದಾಗ. ನೆಲಿ ನಿಂತೀವಿ, ಸರಕಾರದ ಮನ್ಯಾಗ. ಮೂರನೇದಕ್ಕ ಮಾತ್ರ ಗುಡಿ ಬಾಗಲದಾಗೇ ನಿಂದರಸ್ತಾರ ನೋಡವ್ವಾ."

ಮುಂದೆ ನಮ್ಮ ಮನೆಯ ಗೋಡೆಗೆ ಬುದ್ಧನ ಪಟ ಬಂತು, ಗುಡಿಯ ಬಾಗಿಲಿನ ಚಿಂತೆ ಹೋಯಿತು. ಆದರೆ ಅಪ್ಪನ ಆ ಮಾತನ್ನು ಅಕ್ಕ ಪಾಠ ಮಾಡುವಾಗ ಎಂದೂ ಬಿಡುತ್ತಿರಲಿಲ್ಲ. ವಾರ್ಡನ್ ಹೇಳಿದ್ದು ಅರ್ಧ, ಅಪ್ಪ ಹೇಳಿದ್ದು ಉಳಿದರ್ಧ ಎನ್ನುತ್ತಿದ್ದಳು.

ಹಾಸ್ಟೆಲು ಬಿಡುವಾಗ ವಾರ್ಡನ್ ಆ ನಿಘಂಟನ್ನು ಅವಳಿಗೇ ಕೊಟ್ಟರು. ಬೇರೆ ಹೆಣ್ಣುಮಕ್ಕಳು ಹಿತ್ತಾಳೆಯ ಪಾತ್ರೆ ಕೂಡಿಸಿದ ಹಾಗೆ ಅಕ್ಕ ಈ ಒಂದು ಶಬ್ದದ ಅರ್ಥಗಳನ್ನು ಕೂಡಿಸಿದಳು. ಎಲ್ಲೆಲ್ಲಿಂದ ಎಂದು ನನಗೆ ಗೊತ್ತಿಲ್ಲ. ವಾಚನಾಲಯಕ್ಕೆ ಹೋಗುತ್ತಿದ್ದಳು, ಪರದೇಶ ಸುತ್ತಿ ಬಂದ ಎಂಜಿನಿಯರುಗಳನ್ನು ಕಾಲುವೆಯ ಮೇಲೆ ನಿಲ್ಲಿಸಿ ಕೇಳುತ್ತಿದ್ದಳು. ಸಂಜೆ ಅವ್ವ ರೊಟ್ಟಿ ಬಡಿಯುವಾಗ ಆ ದಿನ ಸಿಕ್ಕ ಅರ್ಥ ಹೊರಗೆ ಬರುತ್ತಿತ್ತು. ಜರ್ಮನರ ಒಂದು ದೊಡ್ಡ ಪಟ್ಟಣಕ್ಕೆ ರೋಮನರು ಇಟ್ಟ ಉದ್ದ ಹೆಸರೆಲ್ಲ ಸವೆದು ಈಗ ಕೋಲ್ನ್ ಎಂಬ ಆ ತುಣುಕು ಮಾತ್ರ ಉಳಿದಿದೆಯಂತೆ. ಫ್ರಾನ್ಸಿನಲ್ಲಿ, ಇಟಲಿಯಲ್ಲಿ ಮಕ್ಕಳನ್ನು ರಜೆಯಲ್ಲಿ ಬೆಟ್ಟಕ್ಕೆ, ಸಮುದ್ರಕ್ಕೆ ಕರೆದೊಯ್ಯುವ ಶಿಬಿರಕ್ಕೂ ಅದೇ ಶಬ್ದವಂತೆ. ಸ್ವೀಡನ್ನಿನಲ್ಲಿ ಪಟ್ಟಣದ ಕೂಲಿಗಳು ಕಾಯಿಪಲ್ಲೆ ಬೆಳೆದುಕೊಳ್ಳುವ ತುಂಡು ನೆಲಕ್ಕೆ, ರಷ್ಯಾದಲ್ಲಿ ಕೈದಿಗಳನ್ನು ದುಡಿಸುವ ಜೇಲಿಗೆ.

"ಜೇಲಿಗೂ ಅದೇ ಏನವ್ವಾ?" ಎಂದ ಅಪ್ಪ. "ಹಂಗಾರ ಯಾರು ಇಟ್ಟಾರ ಅನ್ನೋದರ ಮ್ಯಾಲ ಅದ ಎಲ್ಲಾ."

ಪೋಲಂಡಿನಲ್ಲಿ ಊರಿನಿಂದ ಹೊರಗೆ ಬಿದ್ದ ನಾಲ್ಕು ಮನೆಗಳಿಗೆ ಕೊಲೋನಿಯಾ ಎನ್ನುತ್ತಾರೆ ಎಂದು ಅಕ್ಕ ಹೇಳಿದ ದಿನ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದಳು: "ಅಲ್ಲೂ ನಮ್ಮವರು ಅದಾರೇನು?"

ಇನ್ನೊಮ್ಮೆ ಗ್ರೀಕರ ಸುದ್ದಿ. ಅವರ ಶಬ್ದವೇ ಬೇರೆ, ಮನೆಯಿಂದ ದೂರದ್ದು ಎಂದು ಅದರ ಅರ್ಥ. ಹೊಸ ಊರು ಕಟ್ಟಲು ಹೊರಟವರು ಹಳೆಯ ಊರಿನ ಒಲೆಯಿಂದ ಕೆಂಡ ಒಯ್ಯುತ್ತಿದ್ದರಂತೆ. "ನೀನೂ ಹಳೀ ಕೇರಿಯಿಂದ ಕಾಲೋನಿಗಿ ಬರೋ ಮುಂದ ಒಡಕ ಗಡಗ್ಯಾಗ ಕೆಂಡ ತಂದಿದ್ದೆಲ್ಲವ್ವಾ, ಗ್ರೀಕರಂಗ" ಎಂದು ಅಕ್ಕ ಉಬ್ಬಿ ಹೇಳಿದಳು. ಅವ್ವ, "ಕಡ್ಡಿಪೆಟ್ಟಿಗಿ ಇದ್ದಿಲ್ಲ, ತಂದೆ" ಎಂದಳು.

ಅವಳು ಶಹಾಪುರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಸಮಾಜ ಪಾಠಕ್ಕೆ ಟೀಚರ್ ಆದಳು. ಪುಸ್ತಕದಲ್ಲಿ ವಸಾಹತು ಎಂಬ ಪಾಠ ಬಂದಾಗ ಅವಳಿಗೆ ಹಬ್ಬ. ಆ ದಿನ ಪರ್ಸಿನಲ್ಲಿ ಒಡಿಕೋಲನ್ನಿನ ಸಣ್ಣ ಬಾಟಲಿ ಇಟ್ಟುಕೊಂಡು ಹೋಗುತ್ತಿದ್ದಳು. ಜ್ವರ ಬಂದವರ ಹಣೆಗೆ ಬಟ್ಟೆ ನೆನೆಸಿ ಹಾಕಲು ಹಿಂದಿನವರು ಇಟ್ಟುಕೊಳ್ಳುತ್ತಿದ್ದರಲ್ಲ, ಅದೇ ನೀರು. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಅಂಗೈಗೂ ಒಂದು ಹನಿ ಹಚ್ಚುತ್ತಿದ್ದಳು. ಗೌಡರ ಮಗ, ಅಂಗಡಿಯವರ ಮಗಳು, ಕುರುಬರ ಹುಡುಗ, ಕಾಲೋನಿಯ ಹುಡುಗಿ, ಎಲ್ಲರೂ ಕೈ ಮೂಸಿಕೊಳ್ಳುತ್ತಾ ನಿಂತಾಗ, "ಆ ಕೋಲ್ನ್ ಪಟ್ಟಣದ ನೀರಿದು. ಸ್ಪೇನಿನಾಗ ಅತ್ತರಿಗೆ ಬರೇ ಕೊಲೋನಿಯಾ ಅಂತಾರ. ಈಗ ಎಲ್ಲಾರ ಕೈಗೂ ಕಾಲೋನಿ ಹತ್ತ್ಯದ" ಎನ್ನುತ್ತಿದ್ದಳು.

ಒಮ್ಮೆ ಒಬ್ಬ ತುಂಟ, "ಟೀಚರ್, ಮನ್ಯಾಗ ನಮ್ಮ ಆಯಿ ಕೈ ತೊಳಿ ಅಂದ್ರ?" ಎಂದು ಕೇಳಿದ.

"ತೊಳಕೋ. ಎರಡು ದಿನ ಹೋಗಂಗಿಲ್ಲ ಅದು."

ಬರೀ ಸುವಾಸನೆಯ ಪಾಠವಲ್ಲ ಅದು. ಯುದ್ಧ ಮುಗಿಸಿ ಬಂದ ಸಿಪಾಯಿಗಳಿಗೆ ರೋಮಿನ ಸರಕಾರ ದೂರದ ನೆಲ ಹಂಚಿ ಕೊಲೋನಿಯಾ ಕಟ್ಟಿಸುತ್ತಿತ್ತು ಎಂದು ಹೇಳಿ ಅವಳು ನಿಲ್ಲಿಸುತ್ತಿದ್ದಳು. "ಆ ನೆಲದಾಗ ಮೊದಲು ಯಾರಿದ್ರು?" ಪುಸ್ತಕದಲ್ಲಿ ಉತ್ತರ ಇರುತ್ತಿರಲಿಲ್ಲ. ಒಂದು ಸಲ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಹೊಲ ಕೊಂಡು ಗುಂಪಾಗಿ ನೆಲೆಸಿದವರ ಕ್ಯಾಂಪಿನ ಹುಡುಗಿ ಎದ್ದು ನಿಂತು, "ಟೀಚರ್, ನಮ್ಮ ಕ್ಯಾಂಪಿನ ನೆಲದಾಗ ಮೊದಲು ಯಾರಿದ್ರು?" ಎಂದಳಂತೆ. ಅಕ್ಕ, "ನೀ ನಿಮ್ಮಪ್ಪನ್ನ ಕೇಳ್ಕೊಂಡು ಬಾ. ನಾನೂ ನಮ್ಮಪ್ಪನ್ನ ಕೇಳ್ತೀನಿ" ಎಂದು ಬಂದಳು. ಅಪ್ಪ ಹೇಳಿದ್ದು ಇಷ್ಟೇ: "ಹೊಲ ಗೌಡರದು, ಬೆವರು ನಮ್ಮದು. ಅವರು ಮಾರಿದ್ರು, ಇವರು ಕೊಂಡ್ರು. ನಮ್ಮನ್ನ ಯಾರೂ ಕೇಳಲಿಲ್ಲ." ಮರುದಿನ ಅಕ್ಕ ಅದನ್ನೂ ತರಗತಿಯಲ್ಲಿ ಹೇಳಿದಳು. ಆ ಹುಡುಗಿ ಮುಂದೆ ಅವಳ ಬಹಳ ಪ್ರೀತಿಯ ಶಿಷ್ಯೆಯಾದಳು.

ಹೊಗಳಿಕೆ ಹೆಚ್ಚಾಯಿತು. ಅಕ್ಕ ಸಿಡುಕಿ. ರೂಲುಕಟ್ಟಿಗೆಯಿಂದ ಹೊಡೆದು ಆಮೇಲೆ ಪೆಪ್ಪರಮೆಂಟು ಕೊಡುತ್ತಿದ್ದಳು, ಅದೂ ಕಡಿದು ಅರ್ಧ. ಮದುವೆಯ ಆಮಂತ್ರಣ ಕೊಡಲು ಬಂದವರ ಮುಂದೆಯೇ ಕೆಂಪು ಪೆನ್ನು ತೆಗೆದು ಅಕ್ಷರ ತಿದ್ದುತ್ತಿದ್ದಳು. ಅವಳು ಮಾಡಿದ ರೊಟ್ಟಿಯನ್ನು ಆಕಳು ಮೂಸಿ ಬಿಟ್ಟದ್ದಿದೆ. ಮದುವೆ ಯಾಕಾಗಲಿಲ್ಲ ಎಂದರೆ "ಪುರಸೊತ್ತಾಗಲಿಲ್ಲ" ಎನ್ನುತ್ತಾಳೆ. ಚಹಾ ಮುಟ್ಟುವುದಿಲ್ಲ. ವಾದದಲ್ಲಿ ಸೋತದ್ದನ್ನು ನಾನು ನೋಡಿಲ್ಲ, ತಪ್ಪು ಅವಳದೇ ಇದ್ದಾಗಲೂ. ನನ್ನನ್ನು ಕಂಕುಳಲ್ಲಿ ಎತ್ತಿಕೊಂಡೇ ಮೊದಲನೆಯ ಇಯತ್ತೆಗೆ ಹೋದವಳು ಅವಳು, ಮನೆಯಲ್ಲಿ ನೋಡುವವರಿರಲಿಲ್ಲ. ನನಗೆ ಅಕ್ಷರ ಬರುವ ಮೊದಲೇ ಆ ಶಾಲೆಯ ಜೋಳಿಗೆ, ಸೀಮೆಸುಣ್ಣ ಎಲ್ಲ ಪರಿಚಯ.

ಇಷ್ಟೆಲ್ಲ ಕೇಳುತ್ತಾ ಬೆಳೆದವನು ನಾನು. ಆ ಶಬ್ದ ನನ್ನ ಬಾಯಿಯಿಂದ ಹೊರಡುತ್ತಿರಲಿಲ್ಲ.

ಕೆಲಸ ಶಹಾಪುರಕ್ಕಾಯಿತು. ಬಾಡಿಗೆಗೆ ಒಂದು ಖೋಲಿ ಬೇಕಿತ್ತು. ಹೋದ ಮನೆಗಳಲ್ಲೆಲ್ಲ ಮೊದಲು ಊರು ಕೇಳುತ್ತಿದ್ದರು, ಆಮೇಲೆ, "ಯಾವ ಪೈಕಿ?" ಎಂದು ಜಾತಿಗೆ ಬರುತ್ತಿದ್ದರು. ಹೇಳಿದ ಮೇಲೆ ಖೋಲಿ ಖಾಲಿ ಇರುತ್ತಿರಲಿಲ್ಲ, ತಂಗಿಯ ಮಗ ಬರುವವನಿದ್ದ. ಕೊನೆಗೆ ಅಡತಿ ಅಂಗಡಿಯ ಸಾಹುಕಾರರೊಬ್ಬರ ಮನೆಯಲ್ಲಿ ನಾನು ಬೇರೆಯದೇ ಪೈಕಿ ಹೇಳಿದೆ. ಯಾವುದೆಂದು ಬರೆಯುವುದಿಲ್ಲ. ನನ್ನ ಸುಳ್ಳಿನಲ್ಲಿ ಆ ಜನರನ್ನೂ ಎಳೆಯುವುದು ಬೇಡ. ಖೋಲಿ ಸಿಕ್ಕಿತು. ಮನೆಯ ಅವ್ವಾರು ಒಳ್ಳೆಯವರು, ನಿತ್ಯ ಲಿಂಗಪೂಜೆ ಮಾಡಿಯೇ ನೀರು ಕುಡಿಯುವವರು. ಹಬ್ಬಕ್ಕೆ ನನಗೆ ಹೋಳಿಗೆ ಕಳಿಸುತ್ತಿದ್ದರು. ಒಂದೂ ಬಿಡದೆ ತಿನ್ನುತ್ತಿದ್ದೆ.

ಒಂದು ರವಿವಾರ ಅಕ್ಕ ಹೇಳದೆ ಕೇಳದೆ ಬಂದಳು, ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಅವ್ವಾರು ಅಂಗಳದ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಾ ಕುಳಿತಿದ್ದರು. "ಯಾರು ಬೇಕಾಗಿತ್ರಿ? ಎಲ್ಲಿಂದ ಬಂದ್ರಿ?" ಎಂದು ಅವರು ಕೇಳಿದ್ದು ನನಗೆ ಒಳಗೆ ಕೇಳಿಸಿತು. ಅಕ್ಕ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಓಡಿ ಹೊರಗೆ ಬಂದೆ.

"ಇವರು ನಮ್ಮೂರ ಸಾಲಿ ಟೀಚರ್ರಿ ಅವ್ವಾರ. ನಮ್ಮವ್ವ ಇವರ ಕೈಯಾಗ ಬುತ್ತಿ ಕಳ್ಸ್ಯಾಳ."

ಅಕ್ಕ ನನ್ನ ಮುಖ ನೋಡಿದಳು. ಬಹಳ ಹೊತ್ತಲ್ಲ. ಆಮೇಲೆ ಗಂಟನ್ನು ಎರಡೂ ಕೈಯಿಂದ ಮುಂದೆ ಹಿಡಿದು, "ತಗೋರಿ. ನಿಮ್ಮ ಅವ್ವಾರು ಕೊಟ್ಟಾರ್ರಿ" ಎಂದಳು.

ನನಗೆ. ನನ್ನನ್ನು 'ಲೇ' ಎಂದಲ್ಲದೆ ಕರೆಯದ ಅಕ್ಕ.

"ಬಿಸಲಾಗ ಬಂದೀರಿ ಟೀಚರ್, ಕುಂದರ್ರಿ, ನೀರು ಕುಡೀರಿ" ಎಂದು ಅವ್ವಾರು ತಂಬಿಗೆ ತಂದರು.

"ಬ್ಯಾಡ್ರಿ ಅವ್ವಾರ. ಈಗ ಸ್ಟ್ಯಾಂಡಿನಾಗ ಚಾ ಕುಡದು ಬಂದೀನಿ" ಎಂದಳು ಚಹಾ ಕುಡಿಯದ ಅಕ್ಕ. ನನ್ನ ಕಡೆ ತಿರುಗಿ, "ಬರ್ತೀನ್ರಿ" ಎಂದಳು. ನಾನು ಗೇಟಿನ ತನಕವೂ ಹೋಗಲಿಲ್ಲ. ರೊಟ್ಟಿಯನ್ನು ಸಂಜೆ ತಿಂದೆ. ಹಸಿವಾಗಿತ್ತು.

ಮುಂದಿನ ಸಲ ಊರಿಗೆ ಹೋದಾಗ ಅವಳು ಎಂದಿನಂತೆಯೇ, "ಏನಲೇ, ಬಡವಾಗೀದಿ" ಎಂದಳು. ಆ ದಿನದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ಶಹಾಪುರದ ನನ್ನ ಮನೆಗೆ ಆಮೇಲೆ ಅವಳು ಕಾಲಿಡಲಿಲ್ಲ. ಮುಂದೆ ನನ್ನ ಮದುವೆಯನ್ನು ಊರಲ್ಲಿ ಅವಳೇ ನಿಂತು ಮಾಡಿದಳು. ಮಕ್ಕಳು ಹುಟ್ಟಿದಾಗ ದವಾಖಾನೆಗೆ ಬಂದು ನೋಡಿ ಅಲ್ಲಿಂದಲೇ ಹೋದಳು. ಪಟ್ಟಣದ ಅಂಚಿನ ಹೊಸ ಬಡಾವಣೆಯಲ್ಲಿ ನಾನು ಸ್ವಂತ ಮನೆ ಕಟ್ಟಿದಾಗ ಅವ್ವನನ್ನು ಕಳಿಸಿ, ತನಗೆ ಶಾಲೆಯ ತಪಾಸಣೆ ಇದೆ ಎಂದಳು. ಅವಳ ಶಾಲೆ ನನ್ನ ಮನೆಯಿಂದ ದೂರವೇನಲ್ಲ. ಪ್ರತಿ ಸಂಜೆ ಅವಳು ಕುಳಿತ ಬಸ್ಸು ನಮ್ಮ ಬಡಾವಣೆಯ ಮುಂದೆಯೇ ಹಾಯುತ್ತಿತ್ತು.

ಇದು ಶಿಕ್ಷೆ ಎಂದು ತಿಳಿದೆ. ಸರಿಯಾದ ಶಿಕ್ಷೆ ಎಂದೂ ಅನ್ನಿಸುತ್ತಿತ್ತು. ಯಾಕೆಂದರೆ ಹೊಸ ಓಣಿಯಲ್ಲೂ ನಾನು ನಮ್ಮವರು ಯಾರೆಂದು ಬಾಯಿ ಬಿಟ್ಟಿರಲಿಲ್ಲ. ಅವರು ತಮಗೆ ತಿಳಿದಂತೆ ತಿಳಿದುಕೊಂಡರು, ನಾನು ತಿದ್ದಲಿಲ್ಲ. ಅಪ್ಪ ಹೋದ, ಕೆಲವು ವರ್ಷಕ್ಕೆ ಅವ್ವ ಹೋದಳು. ಅಕ್ಕ ಕಾಲೋನಿಯ ಮನೆಯಲ್ಲೇ ಉಳಿದಳು.

ಈ ಬರಹಕ್ಕೆ ಕುಳಿತಾಗ ಬಸ್ಸಿನ ಮಾತು, ಒಡಿಕೋಲನ್ನಿನ ಮಾತು ಸರಸರ ಬಂದವು. ಮುಂದೆ ಕೈ ಓಡಲಿಲ್ಲ. ಏನು ಬರೆದರೂ ಆ ಅಂಗಳಕ್ಕೇ ಹೋಗಿ ನಿಲ್ಲುತ್ತಿತ್ತು. ನಾಲ್ಕು ದಿನ ಬಿಟ್ಟು ನೋಡಿದೆ. ಕೊನೆಗೆ ಆ ಮನೆಗೆ ಹೋದೆ.

ಸಾಹುಕಾರರು ತೀರಿಕೊಂಡಿದ್ದರು. ಅವ್ವಾರು ಮುದುಕಿಯಾಗಿ ಅದೇ ಕಟ್ಟೆಯ ಮೇಲಿದ್ದರು, ಕಣ್ಣು ಚುರುಕು. ಗುರುತು ಹಿಡಿದು, ಕೂರಿಸಿ, ಮಕ್ಕಳ ಸುದ್ದಿ ಕೇಳಿದರು. ನಾನು ಎಲ್ಲವನ್ನೂ ಹೇಳಿದೆ.

"ಆವಾಗ ಖರೇ ಹೇಳಿದ್ರ ನಾ ಖೋಲಿ ಕೊಡ್ತಿದ್ದಿಲ್ಲ. ಈಗ ದೊಡ್ಡ ಮಾತು ಯಾಕ ಆಡ್ಲಿ" ಎಂದರು. ಆಮೇಲೆ, "ಒಮ್ಮಿ ಬಂದಿದ್ದ ಆ ಟೀಚರು?"

"ನಮ್ಮ ಅಕ್ಕ್ರಿ."

"ಸ್ವಂತ?"

"ಸ್ವಂತ ಅಕ್ಕ."

ಆಗ ಅವರ ದನಿ ಏರಿತು. "ನೋಡು, ಖೋಲಿ ಸಲುವಾಗಿ ಸುಳ್ಳು ಹೇಳ್ದಿ, ಅದು ನಮ್ಮಂಥವರು ಹೇಳಿಸಿದ್ದು, ನಮ್ಮ ಪಾಪ ಅಂತ ತಿಳಕೋತೀನಿ. ಒಡಹುಟ್ಟಿದಾಕಿನ್ನ ಯಾರೋ ಅಂದಿ, ಅದು ನಿಂದು. ಅದನ್ನ ತಗೊಂಡು ನನ್ನ ಹತ್ರ ಯಾಕ ಬಂದಿ? ಅಕಿ ಹತ್ರ ಹೋಗು."

ಚಹಾ ತರಿಸಿದರು. ಯಾವ ಕಪ್ಪಿನಲ್ಲಿ ಕೊಟ್ಟರೆಂದು ನಾನು ನೋಡಲಿಲ್ಲ. ಕುಡಿದು ನೇರವಾಗಿ ಬಸ್ ಸ್ಟ್ಯಾಂಡಿಗೆ ಹೋದೆ.

ಅಕ್ಕ ಹಿತ್ತಲಲ್ಲಿ ಹೀರೆ ಬಳ್ಳಿಗೆ ಚಪ್ಪರ ಕಟ್ಟುತ್ತಿದ್ದಳು. ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟು, "ಹಿಡಿ" ಎಂದಳು. ಹಿಡಿದುಕೊಂಡೇ ಹೇಳಿದೆ. ಖೋಲಿಯ ಸುಳ್ಳು, ಅಂಗಳದ ಸುಳ್ಳು, ಹೊಸ ಓಣಿಯಲ್ಲಿ ಹೇಳದೆ ಉಳಿಸಿಕೊಂಡ ಸುಳ್ಳು, ಎಲ್ಲ.

"ಇಷ್ಟು ವರ್ಷ ಇದನ್ನ ಹೊತ್ಕೊಂಡು ತಿರಗೀದೇನು?" ಎಂದಳು.

"ನೀ ಅದಕ್ಕಲ್ಲೇನು ನಮ್ಮ ಮನಿಗಿ ಬರಲಾರದ್ದು?"

"ಅದಕ್ಕೇ."

ಹಗ್ಗ ನನ್ನ ಕೈಯಿಂದ ಸಡಿಲಾಯಿತು. ಅವಳು ಅದನ್ನು ಜಗ್ಗಿ ಬಿಗಿ ಮಾಡಿದಳು.

"ಸಿಟ್ಟಿಗಲ್ಲೋ. ಸಿಟ್ಟು ಬಂದಿತ್ತು, ಇಲ್ಲ ಅನ್ನಂಗಿಲ್ಲ. ಬಸ್ಸಿನಾಗ ಅತ್ತೆ. ಸುರಪುರ ಬರೋದ್ರಾಗ ಮುಗೀತು. ಆಮ್ಯಾಲ ಕುಂತು ವಿಚಾರ ಮಾಡಿದೆ. ನನ್ನ ಬಾಯಿ ನನ್ನ ಮಾತು ಕೇಳಂಗಿಲ್ಲ. ಯಾರರ ಊರು ಕೇಳಿದ್ರ ಕಾಲೋನಿ ಅಂತದ. ನಾ ಬಂದಾಗೊಮ್ಮಿ ನೀ ಮತ್ತೊಂದು ಸುಳ್ಳು ಹುಡುಕಬೇಕು. ಹೆಂಡತಿ ಮುಂದ, ಮಕ್ಕಳ ಮುಂದ. ಮಕ್ಕಳು ಅದನ್ನ ಕಲೀಬೇಕು. ಅದು ಬ್ಯಾಡ ಅಂತ ಬರಲಿಲ್ಲ."

ನಾನು ಶಿಕ್ಷೆ ಎಂದು ತಿಳಿದಿದ್ದೆ. ಅವಳು ನನಗೆ ನೆರಳು ಹಿಡಿದಿದ್ದಳು.

"ಬಾಯಿ ತಕ್ಕೊಂಡು ನಿಂದರಬ್ಯಾಡ, ಸೊಳ್ಳಿ ಹೊಕ್ಕಾವು" ಎಂದಳು ಅಕ್ಕ. "ಮೊದಲು ಓಣ್ಯಾಗ ಹೇಳು. ಹೇಳಿದ ಮ್ಯಾಲ ಫೋನ್ ಹಚ್ಚು. ಬರ್ತೀನಿ."

ಹೇಳಿದೆ. ಅದೇನೂ ಸಭೆ ಕೂಡಿಸಿ ಹೇಳಿದ್ದಲ್ಲ. ಎಡಮನೆಯಲ್ಲಿ ಒಬ್ಬ ಗುಮಾಸ್ತರು, ಬಲಮನೆಯಲ್ಲಿ ಔಷಧಿ ಅಂಗಡಿಯವರು, ಎದುರಿಗೆ ಇಬ್ಬರು ಮಾಸ್ತರರು. ಗೇಟಿನ ಹತ್ತಿರ ಸಿಕ್ಕಾಗ, "ನಮ್ಮ ಅಕ್ಕ ಬರಾಕತ್ತಾಳ್ರಿ, ನಮ್ಮೂರ ಕಾಲೋನಿಯಿಂದ" ಎಂದೆ. ಗುಮಾಸ್ತರಿಗೆ ಅರ್ಥವಾಗಲು ಸ್ವಲ್ಪ ಹಿಡಿಯಿತು. "ನಾವು ನಿಮ್ಮನ್ನ ಬ್ಯಾರೆ ತಿಳಕೊಂಡಿದ್ವಿ" ಎಂದರು. "ನಾನೇ ಹಂಗ ತಿಳಿಸಿದ್ದೆರಿ" ಎಂದೆ. ಮಾಸ್ತರರಿಬ್ಬರು ಆ ಮಾತಿಗೆ ಹೆಚ್ಚಿನ ಬೆಲೆ ಕೊಡಲಿಲ್ಲ. ಔಷಧಿ ಅಂಗಡಿಯವರು, "ಅದಕ್ಕೇನ್ರಿ, ಈಗಿನ ಕಾಲದಾಗ" ಎಂದರು. ಮರುದಿನದಿಂದ ಅವರ ಮನೆಯಾಕೆ ನಮ್ಮ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಿ ಬರುವುದು ನಿಂತಿತು. ನನ್ನ ಹೆಂಡತಿಗೆ ಬೇಸರವಾಯಿತು. ನನಗೂ ಆಯಿತು. ಆದರೆ ಬಹಳ ವರ್ಷಗಳ ಮೇಲೆ ನಾನು ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದ್ದೂ ಅದೇ ವಾರ.

ಅಕ್ಕ ಬಂದಳು. ಬ್ಯಾಗಿನಲ್ಲಿ ಎರಡು ಸೀರೆ, ಆ ನಿಘಂಟು. ಓಣಿಯ ತಲೆಗೆ ಬಡಾವಣೆಯ ಬೋರ್ಡಿದೆ, ಯಾರೋ ದೊಡ್ಡವರ ಹೆಸರಿನ ಮುಂದೆ ಕಾಲೋನಿ ಎಂದು ಕೊರೆಸಿದ ಕಲ್ಲು. ಅದನ್ನು ಓದಿ ಅವಳು ಅಲ್ಲೇ ಕುಳಿತು ನಕ್ಕಳು. "ಇಲ್ಲಿ ಮಂದಿ ಈ ಹೆಸರಿಗಿ ಕಲ್ಲು ನೆಡಸ್ಯಾರ. ನೀ ಅಲ್ಲಿ ಬಾಯಾಗ ಹಿಡೀಲಾರದ ಸತ್ತಿ."

ಈಗ ಅವಳು ನಮ್ಮಲ್ಲಿಗೆ ಬಂದು ಒಂದು ವಾರವಾಯಿತು. ಬೆಳಗ್ಗೆ ಎದ್ದು ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಹಾಯುವವರನ್ನೆಲ್ಲ ಮಾತಾಡಿಸುತ್ತಾಳೆ. ಮಾಸ್ತರರ ಮಗಳ ಇತಿಹಾಸದ ಪುಸ್ತಕ ತಿದ್ದಿದ್ದಾಳೆ. ನಿನ್ನೆ ಬೆಳಗ್ಗೆ ಔಷಧಿ ಅಂಗಡಿಯವರ ಮನೆಯಾಕೆ ಎಂದಿನಂತೆ ತಮ್ಮ ಅಂಗಳ ತೊಳೆದು ಹೊಲಸು ನೀರನ್ನು ನಮ್ಮ ಗೇಟಿನ ಕಡೆ ಗುಡಿಸಿದರು. ನಾವು ಎಷ್ಟೋ ವರ್ಷ ಸುಮ್ಮನಿದ್ದ ಮಾತು ಅದು. ಅಕ್ಕ ಕುರ್ಚಿಯಿಂದ ಎದ್ದಳು. ನಾನು ಒಳಗೆ ಗಡ್ಡ ಮಾಡಿಕೊಳ್ಳುತ್ತಿದ್ದೆ. ಹೊರಗಿನ ಮಾತು ಏರಿದ್ದು ಕೇಳಿಸಿತು, ಅದರಲ್ಲಿ ಗಟಾರಿನ ಇಳಿಜಾರಿನ ವಿಷಯ ಇತ್ತು, ಅಕ್ಕನ ಮೂವತ್ತು ವರ್ಷದ ಟೀಚರ್ ದನಿಯೂ ಇತ್ತು.

ಸ್ವಲ್ಪ ಹೊತ್ತಿಗೆ ಆ ಮನೆಯಾಕೆ ಕಸಬರಿಗೆ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದರು. ನಾವು ಯಾರೆಂದು ನಾನು ಓಣಿಯಲ್ಲಿ ಹೇಳಿದ ಮೇಲೆ ಅವರು ನಮ್ಮ ಹೊಸ್ತಿಲಿಗೆ ಬಂದದ್ದು ಅದೇ ಮೊದಲು.

"ಏನ್ರಿ, ನಿಮ್ಮ ಅಕ್ಕಗ ಸ್ವಲ್ಪ ಹೇಳ್ರಿ" ಎಂದರು, ಉಸಿರು ಬಿಡುತ್ತಾ. "ಏನು ಬಾಯಿ ಅದು."

ಅರ್ಧ ಮುಖಕ್ಕೆ ಸಾಬೂನಿನ ನೊರೆ ಇಟ್ಟುಕೊಂಡು ನಾನು ಹೊರಗೆ ಬಂದೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಗೇಟಿನ ಹತ್ತಿರ ನಿಂತಿದ್ದಳು.

"ಹೇಳಿ ನೋಡ್ತೀನ್ರಿ" ಎಂದೆ. "ಖರೇ ನಮ್ಮ ಅಕ್ಕ ಯಾರ ಮಾತೂ ಕೇಳಂಗಿಲ್ಲ."